ಎರಡನೇ ಸಲ ಕೊಂಡ ಗಾಳದ ಕೋಲು

ಮಂಡ್ಯದ ಕಡೆ ನಮ್ಮೂರ ಕೆರೆಯಲ್ಲಿ ಗಾಳ ಹಾಕುವಾಗ ಬಿದಿರು ಕೋಲು, ನವಿಲುಗರಿ ದಂಟಿನ ಬೆಂಡು, ಎರೆಹುಳು, ಇಷ್ಟೇ. ಬೆಂಡು ಮುಳುಗಿದರೆ ಎಳೆ. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಫೀಡರ್ ರಾಡ್ ಅನ್ನುವ ಗಾಳದ ಕೋಲು ಕೊಳ್ಳಲು ಹೋದಾಗಲೂ ನನ್ನ ತಲೆಯಲ್ಲಿ ಅದೇ ಲೆಕ್ಕ. ಕೋಲು ಉದ್ದ ಇದ್ದಷ್ಟೂ, ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ.

ಹಾಗಾಗಿ ಮೊದಲು ತಂದದ್ದು 13 ಅಡಿಯ, 120 ಗ್ರಾಂ ಎಸೆಯಬಲ್ಲ ಕೋಲು. ಆಫರ್‌ನಲ್ಲಿತ್ತು, ಬಿಡುವುದುಂಟಾ? ಆದರೆ ನಾನು ಕೂತದ್ದು ಮನೆ ಹತ್ತಿರದ ಕೆರೆಯಲ್ಲಿ. ಎಸೆಯಬೇಕಾದದ್ದು 25 ಮೀಟರ್ ದೂರ. ಅಲ್ಲಿದ್ದದ್ದು ಅಂಗೈಯಗಲದ ರೋಚ್, ಅದಕ್ಕಿಂತ ದೊಡ್ಡದಾದ ಬ್ರೀಮ್ ಮೀನುಗಳು. ಮೂರು ಭಾನುವಾರ ಕೂತೆ. ಕೋಲಿನ ತುದಿ ಅಲುಗಲೇ ಇಲ್ಲ. ಆದರೆ ದಾರ ಸುತ್ತಿಕೊಂಡಾಗಲೆಲ್ಲ ಕೊಕ್ಕೆಯಲ್ಲಿನ ಹುಳ ಹೀರಿ ಬಿಟ್ಟ ಸಿಪ್ಪೆಯಂತೆ ಬರುತ್ತಿತ್ತು. ಮೀನು ಬಂದು ಊಟ ಮುಗಿಸಿ ಹೋಗಿದೆ, ನನಗೆ ಗೊತ್ತೇ ಇಲ್ಲ!

ಫೀಡರ್ ಅಂದರೆ ದಾರದ ಕೊನೆಗೆ ಕಟ್ಟುವ, ತೂಕ ಕೂಡಿಸಿದ ಸಣ್ಣ ಪಂಜರ. ಅದಕ್ಕೆ ಕಲಸಿದ ಹಿಟ್ಟು ತುಂಬಿ ಎಸೆದರೆ ತಳದಲ್ಲಿ ಬಿಚ್ಚಿಕೊಂಡು ಮೀನನ್ನು ಕರೆಯುತ್ತದೆ. ಇಲ್ಲಿ ಬೆಂಡಿಲ್ಲ. ಅದರ ಕೆಲಸ ಮಾಡುವುದು ಕೋಲಿನ ತೆಳು ತುದಿ, ಕ್ವಿವರ್ ಟಿಪ್. ಅದು ಎಷ್ಟು ಬಿಗಿ ಅನ್ನುವುದನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ನನ್ನದು 4 ಔನ್ಸ್. ನವಿಲುಗರಿ ಬೆಂಡಿನ ಜಾಗದಲ್ಲಿ ತೆಂಗಿನಕಾಯಿ ಕಟ್ಟಿಕೊಂಡು ಕೂತ ಹಾಗೆ.

ಎರಡನೇ ಸಲ ಅಂಗಡಿಗೆ ಹೋಗುವ ಮುಂಚೆ ಅಡುಗೆಮನೆ ತಕ್ಕಡಿ ತೆಗೆದೆ. 30 ಗ್ರಾಂ ಪಂಜರಕ್ಕೆ ಒದ್ದೆ ಹಿಟ್ಟು ಒತ್ತಿ ತುಂಬಿ ಇಟ್ಟರೆ ತೋರಿಸಿದ್ದು 58. ಕೋಲಿನ ಮೇಲೆ ಬರೆದ ಮಿತಿಯನ್ನು ತುಂಬಿದ ಪಂಜರಕ್ಕೆ ಹೋಲಿಸಬೇಕು, ಖಾಲಿಯದಕ್ಕಲ್ಲ. ಹೆಂಡತಿಗೆ ತಕ್ಕಡಿ ತೊಳೆದುಕೊಟ್ಟೆ, ಆದರೂ ಹೊಸದು ತಂದಳು.

ಅಂಗಡಿಯಲ್ಲಿ ಕೋಲನ್ನು ಸುಮ್ನೆ ಗಾಳಿಯಲ್ಲಿ ಬೀಸಿ ನೋಡಿದರೆ ಏನೂ ತಿಳಿಯದು. ಜೋಡಿಸಿ, ದಾರ ಹಾಯಿಸಿ, ಅದರ ಕೊನೆಯನ್ನು ಗೆಳೆಯನ ಕೈಗೆ ಕೊಟ್ಟು ಮೆಲ್ಲಗೆ ಎಳೆಯಲು ಹೇಳಿದೆ. ಮೊದಲು ತುದಿ ಬಾಗಬೇಕು. ಇನ್ನೂ ಎಳೆದರೆ ಬಾಗು ಹಾಗೇ ನಡುವಿನ ತನಕ ಇಳಿಯಬೇಕು. ಒಂದು ಕೋಲಿನಲ್ಲಿ ತುದಿ ಬಾಗಿ ಅಲ್ಲೇ ನಿಂತಿತು, ಕೆಳಗೆಲ್ಲ ಒನಕೆಯಂತೆ ಬಿಗಿ. ಅಂಥದ್ದರಲ್ಲಿ ಸಣ್ಣ ಕೊಕ್ಕೆ ಕಳಚಿಕೊಳ್ಳುವುದು ಜಾಸ್ತಿ. ಕೊನೆಗೆ ಆರಿಸಿದ್ದು 11 ಅಡಿಯದು, ಮಿತಿ 60 ಗ್ರಾಂ, ಜೊತೆಗೆ ಅರ್ಧ, 1 ಮತ್ತು 2 ಔನ್ಸ್‌ನ ಮೂರು ತುದಿ. ಬಿಡಿ ತುದಿ ಸಿಗುತ್ತದಾ ಅಂತ ಆಗಲೇ ಕೇಳಿಕೊಳ್ಳಿ. ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವ ಭರವಸೆಯಿಲ್ಲ, ದಪ್ಪ ಬೇರೆ ಬೇರೆ. ನನ್ನ 1 ಔನ್ಸ್ ತುದಿ ಎರಡನೇ ವಾರವೇ ಕಾರಿನ ಬಾಗಿಲಿಗೆ ಸಿಕ್ಕಿ ಹೋಯಿತು.

ಹಳೇ ಕೋಲೂ ದಂಡವಾಗಲಿಲ್ಲ. ನದಿಯಲ್ಲಿ ಗಾಳ ಹಾಕಬಾರದ ತಿಂಗಳುಗಳು ಮುಗಿದು ಜೂನ್ 16ಕ್ಕೆ ನದಿಗಳು ತೆರೆದ ಮೇಲೆ ಅದನ್ನು ಥೇಮ್ಸ್‌ಗೆ ಒಯ್ದೆ. ಹರಿವು ಎಳೆಯುವಾಗ ಮೆತ್ತನೆ ತುದಿ ಬಾಗಿ ಹಾಗೇ ನಿಂತುಬಿಡುತ್ತದೆ, ಏನೂ ಹೇಳುವುದಿಲ್ಲ. ಅಲ್ಲಿ 3, 4 ಔನ್ಸ್ ಬೇಕು. ಉದ್ದ ಕೋಲನ್ನು ಎತ್ತರಕ್ಕೆ ಆನಿಸಿದರೆ ನೀರಿಗೆ ಸಿಗುವ ದಾರವೂ ಕಡಿಮೆ.

ಕೆರೆಯಲ್ಲಿ ಹೊಸ ಕೋಲಿನ ಮೊದಲ ದಿನ ಅರ್ಧ ಔನ್ಸ್ ತುದಿ ಹಾಕಿದ್ದೆ. ದಾರ ಬಿಗಿದಿದ್ದರಿಂದ ಅದು ಸ್ವಲ್ಪ ಬಾಗಿತ್ತು. ಇದ್ದಕ್ಕಿದ್ದಂತೆ ನೆಟ್ಟಗಾಯಿತು. ಫೀಡರ್ ಜಾರಿತೇನೋ ಅಂದುಕೊಂಡು ಸುಮ್ಮನಿದ್ದೆ. ಪಕ್ಕದ ಮುದುಕ, 'ಅದೇ ಮೀನು, ಎತ್ತು' ಅಂದ. ಕೊಕ್ಕೆ ಕಚ್ಚಿದ ಬ್ರೀಮ್ ಪಂಜರದ ಸಮೇತ ನನ್ನ ಕಡೆಗೇ ಬರುತ್ತಿತ್ತು, ಅದಕ್ಕೇ ದಾರ ಸಡಿಲ. ಎತ್ತಿದೆ. ಕೋಲು ನಡುವಿನ ತನಕ ಬಾಗಿತು. ಒಂದೂವರೆ ಕಿಲೋ ಇತ್ತು, ನೀರಿಗೇ ಬಿಟ್ಟೆ. ಬಲೆಗೆ ಮೆತ್ತಿದ ಲೋಳೆಯ ನಾತಕ್ಕೆ ಕಾರು ಮೂರು ದಿನ ಕಿಟಕಿ ತೆರೆದುಕೊಂಡೇ ಓಡಾಡಿತು.