ಹಾಸಿಗೆ ಹುಣ್ಣು: ಗಾಯವಾಗುವ ಮೊದಲೇ ಗುರುತಿಸುವುದು ಹೇಗೆ?

ಪಾರ್ಶ್ವವಾಯುವಾದವರೋ ಸೊಂಟದ ಮೂಳೆ ಮುರಿದವರೋ ಆಸ್ಪತ್ರೆಯಿಂದ ಮನೆಗೆ ಬಂದರೆ, ಮನೆಯವರ ಗಮನವೆಲ್ಲ ಮಾತ್ರೆಯ ಹೊತ್ತಿನ ಮೇಲಿರುತ್ತದೆ. ಬೆನ್ನ ಕೆಳಗೆ ಏನಾಗಿದೆ ಎಂದು ಎಷ್ಟೋ ಮನೆಗಳಲ್ಲಿ ನೋಡುವುದು ವಾಸನೆ ಬಂದ ಮೇಲೆಯೇ. ಅಷ್ಟು ಹೊತ್ತಿಗೆ, ಒಂದೇ ಕಡೆ ಒತ್ತಿ ಮಲಗಿದ್ದರಿಂದ ಆದ ಹುಣ್ಣು ಆಳಕ್ಕೆ ಇಳಿದಿರುತ್ತದೆ.

ಮೊದಲು ಅಪಾಯ ಎಷ್ಟಿದೆ ಎಂದು ಅಂದಾಜು ಮಾಡಿ. ಇದಕ್ಕೆ ನರ್ಸ್‌ಗಳು ಬಳಸುವುದು ಬ್ರೇಡನ್ ಸ್ಕೇಲ್ ಎಂಬ ಅಂಕಪಟ್ಟಿ. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1980ರ ದಶಕದಲ್ಲಿ ರೂಪಿಸಿದ್ದು. ಅದರಲ್ಲಿ ನೋಡುವುದು ಆರು ಸಂಗತಿ: ಒತ್ತಿದ್ದು, ನೋವಾದದ್ದು ರೋಗಿಗೆ ಗೊತ್ತಾಗುತ್ತದೆಯೇ? ಮೈ ಒದ್ದೆಯಾಗಿರುತ್ತದೆಯೇ? ಎದ್ದು ಓಡಾಡುತ್ತಾರೆಯೇ? ತಾವಾಗಿಯೇ ಮಗ್ಗುಲು ಬದಲಿಸುತ್ತಾರೆಯೇ? ಊಟ ಸೇರುತ್ತದೆಯೇ? ಹಾಸಿಗೆಯಲ್ಲಿ ಕೆಳಕ್ಕೆ ಜಾರುತ್ತಾರೆಯೇ? ಒಟ್ಟು ಅಂಕ 6ರಿಂದ 23. ಅಂಕ ಇಳಿದಷ್ಟೂ ಅಪಾಯ ಹೆಚ್ಚು. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ವಹಿಸಬೇಕು. ಡಿಸ್ಚಾರ್ಜ್ ದಿನವೇ ಈ ಅಂಕ ಎಷ್ಟೆಂದು ನರ್ಸ್ ಬಳಿ ಕೇಳಿ, ಬರೆದಿಟ್ಟುಕೊಳ್ಳಿ.

ಇನ್ನು ದಿನಾ ಮೈ ನೋಡುವುದು. ಸ್ನಾನ ಮಾಡಿಸುವಾಗ ಅಥವಾ ಮೈ ಒರೆಸುವಾಗ ಬೆನ್ನಿನ ತುದಿ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲಿನ ಗಂಟು, ಮೊಣಕೈ, ತಲೆಯ ಹಿಂಭಾಗ ಒಂದನ್ನೂ ಬಿಡದೆ ನೋಡಿ. ಎಲ್ಲಾದರೂ ಕೆಂಪಾಗಿದ್ದರೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಬಿಳುಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡುತ್ತಿದೆ. ಒತ್ತಿದರೂ ಬಿಳುಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ನಮ್ಮಲ್ಲಿ ಬಹಳ ಜನರ ಮೈಬಣ್ಣ ಕಪ್ಪು ಅಥವಾ ಗೋಧಿ. ಈ ಕೆಂಪು ಕಣ್ಣಿಗೆ ಬೀಳದೇ ಇರಬಹುದು. ಅದಕ್ಕೇ ಕೈಯನ್ನೂ ನಂಬಿ. ಅಂಗೈಯ ಹಿಂಭಾಗ ತಾಗಿಸಿದಾಗ ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ ಅಥವಾ ತಣ್ಣಗಿದೆಯೇ? ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ? ಬಣ್ಣ ನೇರಳೆಗೆ ತಿರುಗಿದೆಯೇ? ಹೌದಾದರೆ ಆ ಭಾಗದ ಮೇಲೆ ಮತ್ತೆ ಮಲಗಿಸಬೇಡಿ. ಎಣ್ಣೆ ಹಚ್ಚಿ ತಿಕ್ಕಲೂಬೇಡಿ. ಒಳಗೆ ನೊಂದ ಚರ್ಮಕ್ಕೆ ಅದರಿಂದ ಇನ್ನಷ್ಟು ಪೆಟ್ಟು.

ಮಲಗಿದಲ್ಲೇ ಇರುವವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಮಡಚಿದ ಬೆಡ್‌ಶೀಟನ್ನು ಮೈ ಕೆಳಗೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಏರ್ ಬೆಡ್ ತಂದಿದ್ದೇವೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಅದರ ಅಂಚು ಒತ್ತಿ ರಕ್ತ ಓಡಾಟಕ್ಕೆ ಅಡ್ಡಿಯಾಗುತ್ತದೆ.

ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ. ಬರೀ ಗಂಜಿಯಲ್ಲಿ ದಿನ ದೂಡದೆ ಮೊಟ್ಟೆ, ಬೇಳೆ, ಮೊಸರು ಕೊಡಿ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ವೈದ್ಯರನ್ನು ಕೇಳಿಯೇ.

ಚರ್ಮ ಕಿತ್ತಿದ್ದರೆ, ಗುಳ್ಳೆ ಎದ್ದಿದ್ದರೆ, ಕಪ್ಪಾಗಿದ್ದರೆ, ಕೀವು, ವಾಸನೆ ಅಥವಾ ಜ್ವರ ಕಂಡರೆ ಮನೆಮದ್ದು ಹಚ್ಚುತ್ತ ಕಾಯಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರ ಹಿಮ್ಮಡಿಯಲ್ಲಾದರೆ ಚಿಕ್ಕ ಗಾಯಕ್ಕೂ ಇದೇ ಮಾತು.