ಹಳೆ ಅಂಗಳಕ್ಕೆ ಹೊಸ ಕಳೆ: ಒಡೆಯದೆ ಅಂದ ಮಾಡುವುದು ಹೇಗೆ?

ಮಳೆ ನಿಂತು ದೀಪಾವಳಿ ಹತ್ತಿರ ಬರುವಾಗ ನಮ್ಮ ಉಡುಪಿ, ಮಂಗಳೂರು ಕಡೆಯ ಅಂಗಳಗಳನ್ನು ನೋಡಬೇಕು. ಪಾಚಿ ಒಣಗಿ ಕಪ್ಪಾಗಿರುತ್ತದೆ. ಸಿಮೆಂಟು ತೊಳೆದು ಹೋಗಿ ಜಲ್ಲಿ ಎದ್ದಿರುತ್ತದೆ. ಎಲ್ಲ ಕಿತ್ತು ಇಂಟರ್‌ಲಾಕ್ ಹಾಸಲು ದುಡ್ಡು ಜಾಸ್ತಿ ಬೇಕು. ಹಾಗಂತ ಒಂದು ಡಬ್ಬ ಫ್ಲೋರ್ ಪೇಂಟ್ ತಂದು ಬಳಿದರೆ ಅದು ಬಾಳುವುದಿಲ್ಲ. ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುವ ಊರುಗಳಿವು. ನೆಲದಡಿಯ ತೇವ ಮೇಲೆ ಬಂದು ಬಣ್ಣದ ಪದರವನ್ನು ಗುಳ್ಳೆ ಎಬ್ಬಿಸಿ ಕಿತ್ತು ಹಾಕುತ್ತದೆ. ಹಾಗಾಗಿ ಹೊರಗಿನ ನೆಲಕ್ಕೆ ಬಣ್ಣ ಬಳಿಯಬೇಡಿ. ಬಣ್ಣವನ್ನು ಗಾರೆಯೊಳಗೇ ಬೆರೆಸಿ.

ಮೊದಲು ನೆಲದ ತಪಾಸಣೆ

ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಮೇಲ್ಪದರ ಬಿಟ್ಟುಕೊಂಡಿದೆ, ಅಷ್ಟನ್ನು ತೆಗೆಯಲೇಬೇಕು. ಬಿರುಕಿನ ಒಂದು ಬದಿ ಕುಸಿದಿದ್ದರೆ ಅಡಿಯ ಮಣ್ಣೇ ಕೂತಿರುತ್ತದೆ. ಅದನ್ನು ಸರಿಮಾಡದೆ ಮೇಲೆ ಅಲಂಕಾರ ಮಾಡಿದರೆ ದುಡ್ಡು ದಂಡ. ಒಂದೆರಡು ಕೊಡ ನೀರು ಚೆಲ್ಲಿ, ಎತ್ತ ಹರಿಯುತ್ತದೆ ಗಮನಿಸಿ. ಗೋಡೆ ಕಡೆಗೇ ಬಂದರೆ ಇಳಿಜಾರು ಸರಿಪಡಿಸಲು ಇದೇ ಸಮಯ. 10 ಅಡಿಗೆ ಒಂದೂವರೆ ಇಂಚು ಇಳಿಜಾರು ಸಾಕು.

ಪಾಚಿಗೆ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ತಂತಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಬಾವಿ ಕಡೆ, ಗಿಡದ ಬುಡಕ್ಕೆ ಆ ನೀರು ಹೋಗಬಾರದು. ಕೆಲವರು ಆಸಿಡ್ ಸುರಿಯುತ್ತಾರೆ. ಬ್ಲೀಚಿಂಗ್ ಜತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಜೀವಕ್ಕೇ ಅಪಾಯ. ಆಸಿಡ್ ಬೇಡವೇ ಬೇಡ.

ಗಾರೆ ಮತ್ತು ಬಣ್ಣ

ಹಳೆ ಕಾಂಕ್ರೀಟಿನ ನುಣುಪು ಮೈಗೆ ಹೊಸ ಗಾರೆ ಹಿಡಿಯುವುದಿಲ್ಲ. ಉಳಿ ಹಿಡಿದು ಮೈಯೆಲ್ಲ ಕಚ್ಚು ಮಾಡಿಸಿ. ಧೂಳು ತೊಳೆದು, ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ನೆಲ ತೇವವಾಗಿರಬೇಕು, ನೀರು ನಿಂತಿರಬಾರದು. ಆಮೇಲೆ ಸಿಮೆಂಟು ಹಾಲಿಗೆ ಎಸ್‌ಬಿಆರ್ ಲೇಟೆಕ್ಸ್ (ಹಳೆ ನೆಲಕ್ಕೆ ಹೊಸ ಗಾರೆ ಹಿಡಿಯುವಂತೆ ಮಾಡುವ ಅಂಟಿನ ದ್ರವ) ಸೇರಿಸಿ ಬಳಿಯಬೇಕು. ಅಳತೆ ಡಬ್ಬದ ಮೇಲೆಯೇ ಇರುತ್ತದೆ. ಅದು ಒಣಗುವ ಮೊದಲೇ ಗಾರೆ ಬೀಳಬೇಕು. ಅವಸರದ ಮೇಸ್ತ್ರಿಗಳು ಬಿಟ್ಟುಬಿಡುವ ಹಂತ ಇದು, ಪಕ್ಕದಲ್ಲೇ ನಿಂತು ಮಾಡಿಸಿ.

ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಹೊಯಿಗೆ (ಮರಳು), ದಪ್ಪ ಒಂದು ಇಂಚು. ಸಮುದ್ರದ ಹೊಯಿಗೆ ಬೇಡ, ಅದರಲ್ಲಿ ಉಪ್ಪಿರುತ್ತದೆ. ಹಳೆ ನೆಲದಲ್ಲಿ ಸಂದು ಇದ್ದ ಜಾಗದಲ್ಲೇ ಹೊಸದರಲ್ಲೂ ಸಂದು ಬಿಡಿ. ಇಲ್ಲವಾದರೆ ಬಿರುಕು ತಾನಾಗಿ ಅಲ್ಲೇ ಮೂಡುತ್ತದೆ.

ಬಣ್ಣಕ್ಕೆ ನಮ್ಮ ಹಳೆ ಮನೆಗಳ ರೆಡ್ ಆಕ್ಸೈಡೇ ಸಾಕು. ಅದು ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಮಾಸುವುದಿಲ್ಲ. 50 ಕೆಜಿ ಸಿಮೆಂಟು ಚೀಲಕ್ಕೆ ಹೆಚ್ಚೆಂದರೆ 5 ಕೆಜಿ ಪುಡಿ. ಜಾಸ್ತಿ ಹಾಕಿದರೆ ಗಾರೆಯ ಬಲ ಕುಗ್ಗುತ್ತದೆ. ಹಳದಿ ಬೇಕಿದ್ದರೆ ಹಳದಿ ಪುಡಿಯನ್ನು ಬಿಳಿ ಸಿಮೆಂಟಿಗೆ ಬೆರೆಸಿ. ಇಡೀ ಅಂಗಳಕ್ಕೆ ಬೇಕಾದ ಸಿಮೆಂಟು, ಪುಡಿ ಎರಡನ್ನೂ ಒಂದೇ ಸಲ ಒಣದಾಗಿ ಬೆರೆಸಿ ಜರಡಿ ಹಿಡಿದಿಟ್ಟುಕೊಳ್ಳಿ. ದಿನಕ್ಕೊಂದು ಅಳತೆ ಆದರೆ ನೆಲ ತೇಪೆ ತೇಪೆಯಾಗಿ ಕಾಣುತ್ತದೆ.

ನೂಲು, ಹಿಡಿಸೂಡಿ, ಹಂಚಿನ ಚೂರು

ಇನ್ನು ಅಂದದ ಕೆಲಸ. ಕರಣೆಯಲ್ಲಿ ಕನ್ನಡಿಯ ಹಾಗೆ ತಿಕ್ಕುವುದು ಚಾವಡಿಯ ಒಳಗೆ ಚೆಂದ. ಅಂಗಳದಲ್ಲಿ ಹಾಗೆ ಮಾಡಿದರೆ ಆಷಾಢದ ಮಳೆಯಲ್ಲಿ ಮನೆಯ ಹಿರಿಯರು ಜಾರಿ ಬೀಳುತ್ತಾರೆ. ಹೊರಗೆ ಹಿಡಿತ ಬೇಕು. ಅದಕ್ಕೆ ನೂಲಿನ ಗೆರೆಯಷ್ಟು ಸುಲಭದ್ದು ಇನ್ನೊಂದಿಲ್ಲ. ಬೆರಳು ಒತ್ತಿದರೆ ಗುರುತು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು. ಅದೇ ಹದ. ಆಗ ಇಬ್ಬರು ದಪ್ಪ ನೂಲಿನ ಎರಡು ತುದಿ ಬಿಗಿಯಾಗಿ ಎಳೆದು ಹಿಡಿದು, ಗಾರೆಗೆ ಒತ್ತಿ, ನೇರ ಮೇಲಕ್ಕೆತ್ತಬೇಕು. ಪಕ್ಕಕ್ಕೆ ಸರಿದರೆ ಅಂಚು ಒಡೆಯುತ್ತದೆ. ಓರೆಯಾಗಿ ಎರಡು ದಿಕ್ಕಿಗೆ ಒತ್ತುತ್ತಾ ಹೋದರೆ ವಜ್ರದಾಕಾರದ ಚೌಕಗಳು ಮೂಡುತ್ತವೆ.

ಇಷ್ಟು ತಾಳ್ಮೆ ಇಲ್ಲವೆಂದರೆ ಅದೇ ಹದದಲ್ಲಿ ಹಿಡಿಸೂಡಿ (ಕಡ್ಡಿ ಪೊರಕೆ) ಎಳೆಯಿರಿ. ಅಂಗಳದಲ್ಲಿ ನೀರು ಹರಿಯುವ ದಿಕ್ಕಿಗೆ, ಬೈಕ್ ಹತ್ತುವ ಇಳಿಜಾರಿನಲ್ಲಿ ಅಡ್ಡಕ್ಕೆ. ಅಡಿಕೆ ಹರವುವ ಅಂಗಳವಾದರೆ ಗೆರೆ ಆಳ ಬೇಡ, ಗುಡಿಸುವುದು ಕಷ್ಟ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಊರು ನಮ್ಮದು. ಮನೆಯ ಹಿಂದೆ ಒಡೆದ ಹಂಚು ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಅದರ ಚೂರುಗಳನ್ನು ನೀರಲ್ಲಿ ನೆನೆಸಿ ಅಂಗಳದ ಅಂಚಿಗೆ ಪಟ್ಟಿಯಾಗಿ ಕೂರಿಸಿ. ನಡೆದಾಡುವಲ್ಲಿ ಬೇಡ, ಹಂಚಿಗೆ ಪಾಚಿ ಬೇಗ ಹಿಡಿಯುತ್ತದೆ.

ತುಳಸಿಕಟ್ಟೆಗೆ ನಮ್ಮ ಕರಾವಳಿಯ ಕಾವಿ ಕಲೆಯ (ಕೆಂಪು-ಬಿಳಿಯ ಗೋಡೆ ಚಿತ್ತಾರ) ಮಾದರಿ ಮಾಡಿ ನೋಡಿ. ಬಿಳಿ ಸಿಮೆಂಟಿನ ಪದರ ಗಟ್ಟಿಯಾದ ಮೇಲೆ ಕೆಂಪಿನ ತೆಳು ಪದರ ಕೊಡಿ. ಅದು ಹಸಿ ಇರುವಾಗಲೇ ಮೊಳೆಯಿಂದ ಬಳ್ಳಿ, ಹೂವು ಕೆರೆದರೆ ಬಿಳಿ ಗೆರೆ ಹೊರಗೆ ಬರುತ್ತದೆ.

ಕೆಲಸ ಮುಗಿದ ಮರುದಿನದಿಂದ ಕನಿಷ್ಠ ಏಳು ದಿನ ಒದ್ದೆ ಗೋಣಿ ಹೊದಿಸಿಡಿ. ಬಿಸಿಲಿಗೆ ಬಿಟ್ಟರೆ ನವಿರು ಬಿರುಕು ಬರುತ್ತದೆ. ಕಾರು ಎರಡು ವಾರ ಬೀದಿಯಲ್ಲೇ ಇರಲಿ. ಮೊದಮೊದಲು ಅಂಗಾಲಿಗೆ ಕೆಂಪು ಹತ್ತಬಹುದು, ತೊಳೆದಂತೆ ಕಡಿಮೆಯಾಗುತ್ತದೆ. ನೀರು ಹೀರದಂತೆ ಬಳಿಯುವ ಸೀಲರ್ ಬೇಕಿದ್ದರೆ 28 ದಿನ ಕಳೆದ ಮೇಲೆ, ಒಳಗೆ ಇಂಗುವ ಬಗೆಯದ್ದನ್ನೇ ಕೇಳಿ ತನ್ನಿ. ಡಬ್ಬದ ಮೇಲೆ 'ಹೈ ಗ್ಲಾಸ್' (ಹೆಚ್ಚು ಹೊಳಪು) ಎಂದಿದ್ದರೆ ಅದು ಅಂಗಳಕ್ಕೆ ಬೇಡ.