ಬ್ಲ್ಯಾಕ್ ಅಂಡ್ ವೈಟ್ ಕ್ಯಾಮೆರಾ ತಗೊಳ್ಳುವ ಮುಂಚೆ ಒಂದು ತಿಂಗಳು ಹೀಗೆ ಮಾಡಿ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೋ, ಇಷ್ಟೇ ನಮ್ಮ ಕಸುಬು. ಬರೀ ಬ್ಲ್ಯಾಕ್ ಅಂಡ್ ವೈಟ್ ತೆಗೆಯುವ ಡಿಜಿಟಲ್ ಕ್ಯಾಮೆರಾ ತಗೊಳ್ಳಲಾ ಅಣ್ಣಾ ಅಂತ ಹುಡುಗರು ಕೇಳುತ್ತಿರುತ್ತಾರೆ. ಕ್ಯಾಮೆರಾ ಇದೆ. ಲೈಕಾದವರು 2012ರಲ್ಲೇ ಎಂ ಮೊನೊಕ್ರೋಮ್ ತಂದರು. 2023ರಲ್ಲಿ ಪೆಂಟಾಕ್ಸ್ ಕೆ-3 ಮಾರ್ಕ್ 3 ಮೊನೊಕ್ರೋಮ್ ಬಂತು. ಲೈಕಾ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಬಿಡಿ.

ಮಾಮೂಲಿ ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ಮೇಲೆ ಬಣ್ಣದ ಫಿಲ್ಟರ್ ಇರುತ್ತದೆ. 4 ಪಿಕ್ಸೆಲ್‌ನಲ್ಲಿ 2 ಹಸಿರು, 1 ಕೆಂಪು, 1 ನೀಲಿ. ಒಂದೊಂದು ಪಿಕ್ಸೆಲ್‌ಗೂ ಕಾಣುವುದು ಒಂದೇ ಬಣ್ಣ. ಉಳಿದ ಎರಡನ್ನು ಅಕ್ಕಪಕ್ಕದವರನ್ನು ಕೇಳಿ ಅಂದಾಜು ಮಾಡಿಕೊಳ್ಳಬೇಕು. ಮೊನೊಕ್ರೋಮ್‌ನಲ್ಲಿ, ಅಂದರೆ ಬರೀ ಬ್ಲ್ಯಾಕ್ ಅಂಡ್ ವೈಟ್ ಕ್ಯಾಮೆರಾದಲ್ಲಿ, ಈ ಫಿಲ್ಟರೇ ಇಲ್ಲ. ಅಂದಾಜಿಲ್ಲ, ಬೆಳಕೂ ಜಾಸ್ತಿ.

ಈಗ ನಿಮ್ಮಲ್ಲಿರುವ ಕ್ಯಾಮೆರಾ ತೆಗೆಯಿರಿ. ಮೊನೊಕ್ರೋಮ್ ಮೋಡ್‌ಗೆ ಹಾಕಿ. ರಾ ಫೈಲ್ (ಸೆನ್ಸರ್ ಹಿಡಿದ ಬಣ್ಣವೆಲ್ಲ ಉಳಿಸಿಕೊಳ್ಳುವ ಫೈಲ್) ಬಂದ್ ಮಾಡಿ, ಜೆಪೆಗ್ (ಕ್ಯಾಮೆರಾನೇ ಸಿದ್ಧ ಮಾಡಿ ಕೊಡುವ ಫೋಟೋ) ಮಾತ್ರ ಇರಲಿ. ರಾ ಇದ್ದರೆ ರಾತ್ರಿ ಕಂಪ್ಯೂಟರ್ ಮುಂದೆ ಕೂತು ಬಣ್ಣ ವಾಪಸ್ ತರುತ್ತೀರಿ, ನನಗೆ ಗೊತ್ತು.

ಮೊದಲು ಮಂಡಕ್ಕಿ ಭಟ್ಟಿಗೆ ಹೋಗಿ. ಕಾದ ಮರಳು, ಹೊಗೆ, ಶೀಟಿನ ತೂತಿನಿಂದ ಇಳಿಯುವ ಬಿಸಿಲು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸಿ. ಅಲ್ಲಿ ಬಣ್ಣ ಇದ್ದಿದ್ದರೂ ಯಾರೂ ನೋಡುತ್ತಿರಲಿಲ್ಲ. ಕೆಲಸದವರನ್ನು ಕೇಳಿಯೇ ಕ್ಲಿಕ್ ಮಾಡಿ.

ಆಮೇಲೆ ಚಿತ್ರದುರ್ಗದ ಬಸ್ಸು ಹತ್ತಿ. ಓಬವ್ವನ ಕಿಂಡಿ ಹತ್ತಿರ ಒಳಗೆ ಕತ್ತಲು, ಹೊರಗೆ ಉರಿಬಿಸಿಲು. ಬಿಸಿಲು ಬಿದ್ದ ಬಂಡೆಗೆ ಎಕ್ಸ್‌ಪೋಸ್ ಮಾಡಿ, ಅಂದರೆ ಬೆಳಕಿನ ಅಳತೆ ಅದಕ್ಕೆ ಹೊಂದಿಸಿ, ನೆರಳು ಕಪ್ಪಾದರೆ ಆಗಲಿ. ಬಣ್ಣದ ರಾ ಫೈಲ್‌ನಲ್ಲಿ ಬೆಳಕು ಹೆಚ್ಚಾಗಿ ಒಂದು ಬಣ್ಣದ ಚಾನೆಲ್ ಸುಟ್ಟು ವಿವರ ಹೋದರೂ ಇನ್ನೊಂದರಲ್ಲಿ ಏನಾದರೂ ಉಳಿದಿರುತ್ತದೆ. ಮೊನೊಕ್ರೋಮ್ ಸೆನ್ಸರ್‌ನಲ್ಲಿ ಬಿಳುಪು ಸುಟ್ಟರೆ ಸುಟ್ಟಿತು. ಈ ಅಭ್ಯಾಸ ಈಗಲೇ ಆಗಬೇಕು.

ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿಯೂ ನೋಡಿ. ಆಕಾಶ ಕಪ್ಪಗಾಗುತ್ತದೆ, ಸುಮಾರು 3 ಸ್ಟಾಪ್ ಬೆಳಕು ಹೋಗುತ್ತದೆ, ಅಂದರೆ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಆಗ ಸರಿಯಾಗಿ ದುಡಿಯುವುದು 4ರಲ್ಲಿ 1 ಪಿಕ್ಸೆಲ್, ಅಂದರೆ ಕೆಂಪಿನದು. ಮೊನೊಕ್ರೋಮ್‌ನಲ್ಲಿ ನಾಲ್ಕೂ ದುಡಿಯುತ್ತವೆ. ನನ್ನ ಕೇಳಿದರೆ, ದುಡ್ಡು ಕೊಡುವುದಾದರೆ ಇದಕ್ಕೇ ಕೊಡಬೇಕು.

ಗಿರಾಕಿ ವಿಷಯ. ಒಮ್ಮೆ ಒಂದು ಮದುವೆ ಆಲ್ಬಂನಲ್ಲಿ 6 ಪುಟ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಕೊಟ್ಟೆ. ಹುಡುಗಿಯ ತಾಯಿ ಪುಟ ತಿರುವಿ, "ಧಾರೆ ಸೀರೆ ಬಣ್ಣ ಎಲ್ಲಿ ಹೋಯ್ತಪ್ಪಾ?" ಅಂದರು. ಆ 6 ಪುಟ ನನ್ನ ಖರ್ಚಲ್ಲೇ ಮತ್ತೆ ಪ್ರಿಂಟಾಯಿತು. ಅದೇ ನನ್ನ ಸ್ಟುಡಿಯೋ ಕೌಂಟರ್ ಮೇಲೆ ಒಂದು ಅಜ್ಜಿಯ ಮುಖದ ಬ್ಲ್ಯಾಕ್ ಅಂಡ್ ವೈಟ್ ದೊಡ್ಡ ಪ್ರಿಂಟ್ ಇಟ್ಟಿದ್ದೆ. ಅದನ್ನು ನೋಡಿ ಮೂವರು ತಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬಂದರು. ನೀವೂ ಹಾಗೆ ಎರಡು ಪ್ರಿಂಟ್ ಇಟ್ಟು, ಯಾರು ಕೇಳುತ್ತಾರೆ ಅಂತ ಬರೆದಿಡಿ.

ಬಣ್ಣಕ್ಕೆ ವಾಪಸ್ ಹೋಗಬೇಕು ಅನಿಸಿದಾಗಲೆಲ್ಲ ಒಂದು ಗೀಟು ಹಾಕಿ. ನನ್ನ ತಿಂಗಳಲ್ಲಿ 11 ಗೀಟು. ಅದರಲ್ಲಿ 9 ಹೂವಿನ ಅಂಗಡಿ ಮುಂದೆ ಹಾಕಿದ್ದು.